ಹಿಂಬದಿಯ ಅರವತ್ತು ಪ್ರಶ್ನೆಗಳು

ನನಗೂ ಒಂದು ಆಸಕ್ತಿ ಇರಬೇಕಿತ್ತು ಎಂದು ನನಗೆ ಗೊತ್ತಾದದ್ದು ಹದಿನೇಳನೆಯ ವಯಸ್ಸಿನಲ್ಲಿ. ಅದೂ, ಅಂಥದ್ದು ನನ್ನಲ್ಲಿ ಇಲ್ಲವೇ ಇಲ್ಲ ಎಂದು ಶಾಲೆಯವರು ಠಸ್ಸೆ ಒತ್ತಿ ಬರೆದುಕೊಟ್ಟ ಮೇಲೆ.

ಅಲ್ಲಿಯವರೆಗೆ ನನಗಿದ್ದದ್ದು ಕೆಲಸ ಮಾತ್ರ. ಬೆಳಿಗ್ಗೆ ಐದಕ್ಕೆ ಎದ್ದು ಅಮ್ಮನ ಜೊತೆ ಆಸ್ಪತ್ರೆಯ ನೆಲಮಾಳಿಗೆಗೆ ಹೋಗುತ್ತಿದ್ದೆ. ಅಲ್ಲಿ ಬಟ್ಟೆ ಒಗೆಯುವ ಮನೆ ಇದೆ. ಮೇಲಿನ ಐದು ಮಹಡಿಗಳ ಹಾಸಿಗೆ ಬಟ್ಟೆ ಅಲ್ಲಿಗೆ ಬಂದು ಬೀಳುತ್ತದೆ. ರಕ್ತ ಹತ್ತಿದ್ದು ಒಂದು ಕಡೆ, ವಾಂತಿ ಮತ್ತು ಮಲಮೂತ್ರದ್ದು ಒಂದು ಕಡೆ, ಬರೀ ಬೆವರಿನದ್ದು ಒಂದು ಕಡೆ ಹಾಕಬೇಕು. ರಕ್ತದ್ದನ್ನು ಮೊದಲು ತಣ್ಣೀರಿಗೆ ಹಾಕಬೇಕು. ಬಿಸಿನೀರಿಗೆ ಹಾಕಿದರೆ ಕಲೆ ಜನ್ಮದಲ್ಲಿ ಹೋಗುವುದಿಲ್ಲ. ಮಡಿಕೆಗಳ ನಡುವೆ ಸೂಜಿ ಉಳಿದಿರುತ್ತದೆ. ಅಮ್ಮನ ಬೆರಳುಗಳಿಗೆ ಸೂಜಿ ಎಷ್ಟು ಸಲ ಚುಚ್ಚಿದೆಯೋ ಲೆಕ್ಕವಿಲ್ಲ. ಮೇಲಿನವರಿಗೆ ನೆಲಮಾಳಿಗೆಯ ನೆನಪಾಗುವುದು ಒಗೆದ ಬಟ್ಟೆ ತಡವಾದಾಗ ಮಾತ್ರ.

ಅಲ್ಲಿ ಆಳೆತ್ತರದ ಮೂರು ಯಂತ್ರಗಳಿವೆ. ಅವುಗಳ ಸದ್ದಿನಲ್ಲೇ ನಾನು ಬೆಳೆದೆ. ಒಂಬತ್ತನೆಯ ತರಗತಿಯಲ್ಲಿದ್ದಾಗ ನಡುವಿನ ಯಂತ್ರ ತಿರುಗುವಾಗ ಸಣ್ಣಗೆ ಗರಗರ ಅನ್ನತೊಡಗಿತು. ಒಳಗೇನೋ ಸವೆದಿದೆ ಎಂದು ಮೇಸ್ತ್ರಿಗೆ ಹೇಳಿದೆ. "ನೀನೇನು ಅದರ ಡಾಕ್ಟರಾ? ಹೋಗಿ ಬಟ್ಟೆ ಮಡಚು ಹುಡುಗಿ" ಅಂದ. ಮೂರನೆಯ ದಿನ ಯಂತ್ರ ಕಿರುಚಿಕೊಂಡು ನಿಂತಿತು. ಅದರೊಳಗಿನ ಕೊಳಕು ನೀರೆಲ್ಲ ನೆಲಕ್ಕೆ ಬಂತು. ಮೇಸ್ತ್ರಿ ಮೆಟ್ಟಿಲ ಮೇಲೆ ನಿಂತು ಸಲಹೆ ಕೊಟ್ಟ. ನಾವು ಬಕೆಟ್ಟಿನಲ್ಲಿ ಮೊಗೆದು ಹಾಕಿದೆವು.

ರಿಪೇರಿಯವನು ಬಂದು ಬಿಚ್ಚಿ ನೋಡಿದ. "ಬೇರಿಂಗ್ ಪುಡಿಯಾಗಿದೆ. ದಿನಗಟ್ಟಲೆ ಕೂಗಿರುತ್ತೆ. ಇಲ್ಲಿ ಯಾರಿಗೂ ಕಿವಿ ಇಲ್ವಾ?" ಎಂದು ಕೇಳಿದ. ಹೆಂಗಸರೆಲ್ಲ ನನ್ನ ಕಡೆ ಕೈ ತೋರಿಸಿದರು. ಅವತ್ತಿನಿಂದ ಅವರ ಬಾಯಲ್ಲಿ ನನ್ನ ಹೆಸರು ಕಿವಿ. ರಿಪೇರಿಯವನು ನನ್ನ ಕೈಗೆ ಸ್ಪ್ಯಾನರ್ ಕೊಟ್ಟು ಹಿಡಿದುಕೊಳ್ಳಲು ಹೇಳಿದ. ಹಳೆಯ ಬೇರಿಂಗಿನ ಗುಂಡುಗಳನ್ನು ನನ್ನ ಅಂಗೈಗೆ ಸುರಿದು, ಸವೆದದ್ದು ಯಾವುದು, ಸವೆಯದ್ದು ಯಾವುದು ತೋರಿಸಿದ. ಆಮೇಲೆ ಅವನು ಬಂದಾಗಲೆಲ್ಲ ನಾನು ಅವನ ಬೆನ್ನ ಹಿಂದೆ. ನನಗೆ ಆಗುತ್ತಿದ್ದ ಆ ಸಂತೋಷಕ್ಕೆ ಒಂದು ಹೆಸರಿದೆ, ಅದನ್ನು ಆಸಕ್ತಿ ಅನ್ನುತ್ತಾರೆ ಎಂದು ಯಾರೂ ಹೇಳಿರಲಿಲ್ಲ.

ಒಂದು ದಿನ ಅವನೇ ಹೇಳಿದ. "ತಾಂತ್ರಿಕ ಶಾಲೆಗೆ ಸೇರ್ಕೋ ಕಿವಿ. ಒಂದೊಂದು ಶಾಲೆಗೆ ಒಂದೊಂದು ಸೀಟು ಇಟ್ಟಿರ್ತಾರೆ. ನಿಮ್ಮ ಹೆಡ್‌ಮಾಸ್ಟರ್ ಹತ್ರ ಶಿಫಾರಸು ಪತ್ರ ತಗೊಂಡ್ರೆ ಆಯ್ತು."

ಎಷ್ಟು ಸುಲಭವಾಗಿ ಹೇಳಿಬಿಟ್ಟ. ಅವನಿಗೆ ನಮ್ಮ ಶಾಲೆ ಗೊತ್ತಿರಲಿಲ್ಲ.

ನಮ್ಮ ತರಗತಿಯಲ್ಲಿ ನಮ್ಮ ಓಣಿಯವರು ನಾಲ್ವರು. ನಾನು, ಚರಂಡಿ ಇಳಿಯುವವರ ಅವಳಿ ಮಕ್ಕಳಿಬ್ಬರು, ಕಸದ ಗಾಡಿಯವರ ಮಗಳು ಪುಟ್ಟಿ. ಪುಟ್ಟಿ ಅಂದರೆ ಕರೆಯುವ ಹೆಸರು, ಆಳು ನನಗಿಂತ ಗೇಣುದ್ದ ಎತ್ತರ. ನಾಲ್ವರಿಗೂ ಒಂದೇ ಬೆಂಚು, ಕೊನೆಯದು. ಅದರ ಪಕ್ಕದಲ್ಲೇ ನೆಲ ಒರೆಸುವ ಸಾಮಾನು ಇಡುತ್ತಿದ್ದರು. ಹಾಗಾಗಿ ಬಕೆಟ್ ಬೆಂಚು ಎಂದು ಹೆಸರು. ಮುಂದೆ ಕೂತರೆ ನಮ್ಮ ಮೈಯಿಂದ ಬರುವ ಬ್ಲೀಚಿಂಗ್ ವಾಸನೆಗೆ ಪಕ್ಕದವರಿಗೆ ತಲೆನೋವು ಬರುತ್ತದಂತೆ. ಆಸ್ಪತ್ರೆಯಲ್ಲಿ ಅದೇ ವಾಸನೆಯ ಹೊದಿಕೆ ಹೊದ್ದು ಮಲಗಿದಾಗ ಬರುವುದಿಲ್ಲ.

ಕೊನೆಯ ವರ್ಷ ಶಾಲೆಗೆ ಮಾರ್ಗದರ್ಶಕಿ ಒಬ್ಬರು ಬಂದರು. ಮಕ್ಕಳ ಆಸಕ್ತಿ ಕಂಡುಹಿಡಿದು ಬದುಕಿನ ದಾರಿ ತೋರಿಸುವುದು ಅವರ ಉದ್ಯೋಗ. ಒಳ್ಳೆಯ ಹೆಂಗಸು. ಮಾತು ಬೆಣ್ಣೆಯಂತೆ. ಗೋಡೆಯ ಮೇಲೆ ಪ್ರೊಜೆಕ್ಟರಿನಿಂದ ಚಿತ್ರ ಬಿಟ್ಟು, ನಿಮ್ಮ ಕನಸೇ ನಿಮ್ಮ ದಾರಿ, ನಿಮ್ಮ ಒಳಗಿನ ಧ್ವನಿ ಕೇಳಿ, ಯಾವ ಕೆಲಸವೂ ಮೇಲಲ್ಲ ಕೀಳಲ್ಲ ಎಂದು ಒಂದೂವರೆ ಗಂಟೆ ಮಾತಾಡಿದರು. ಪುಟ್ಟಿ ಕೂತು ಎಣಿಸಿದಳು. ಕನಸು ಎಂಬ ಮಾತು ಐವತ್ತಮೂರು ಸಲ ಬಂತು. ಚಿತ್ರಗಳಲ್ಲಿ ಡಾಕ್ಟರು, ವಿಮಾನ ಓಡಿಸುವವರು, ಲಾಯರು, ನ್ಯಾಯಾಧೀಶರು ಎಲ್ಲರೂ ಹಲ್ಲು ಬಿಟ್ಟು ನಗುತ್ತಿದ್ದರು. ಕೆಲಸ ಮಾಡುತ್ತಾ ಅಷ್ಟೊಂದು ನಗುವವರನ್ನು ನಾನು ನೋಡಿರಲಿಲ್ಲ.

ಕೊನೆಗೆ ಹೆಡ್‌ಮಾಸ್ಟರು ಎದ್ದು, ನಾಳೆ ಆಸಕ್ತಿ ಪರೀಕ್ಷೆ, ಅದರ ಫಲಿತಾಂಶ ನೋಡಿಯೇ ಯಾರಿಗೆ ಯಾವ ಶಿಫಾರಸು ಪತ್ರ ಎಂದು ತೀರ್ಮಾನ ಮಾಡುತ್ತೇನೆ ಎಂದರು. ಕೇಳಿದರೆ ಹೇಳಲು ನನ್ನ ಹತ್ತಿರ ಉತ್ತರವಿತ್ತು.

ಪರೀಕ್ಷೆಯ ದಿನ ಬೆಳಿಗ್ಗೆ ಸಭಾಂಗಣಕ್ಕೆ ಬೆಂಚು ಹೊತ್ತು ಹಾಕಿದವರು ನಾವು ನಾಲ್ವರು. ಇದರಲ್ಲಿ ಹೊಸದೇನಿಲ್ಲ. ಹೊರುವ ಕೆಲಸ ಬಂದಾಗ ಬಕೆಟ್ ಬೆಂಚಿನ ನೆನಪು ಶಾಲೆಗೆ ತಾನಾಗಿಯೇ ಆಗುತ್ತಿತ್ತು. ಐವತ್ತೆರಡು ಬೆಂಚು ಹೊತ್ತು, ಬೆವರು ಒರೆಸಿಕೊಂಡು ಕೂತಾಗ ಪ್ರಶ್ನೆಪತ್ರಿಕೆ ನಾಲ್ಕು ಕಡಿಮೆ ಬಿದ್ದವು. ಯಾವ ನಾಲ್ವರಿಗೆ ಕಡಿಮೆ ಬಿದ್ದವು ಎಂದು ಬಿಡಿಸಿ ಹೇಳಬೇಕಿಲ್ಲ. ಗುಮಾಸ್ತರು ಗೊಣಗುತ್ತಾ ಹೋಗಿ ಜೆರಾಕ್ಸ್ ಹೊಡೆದು ತಂದರು.

ಅದು ಅಗಲವಾದ ಒಂದೇ ಹಾಳೆ. ಅರವತ್ತು ಪ್ರಶ್ನೆಗಳಿದ್ದವು. ಪ್ರತಿಯೊಂದಕ್ಕೂ ಹೌದು ಅಥವಾ ಇಲ್ಲ ಎಂದು ಗುರುತು ಹಾಕಬೇಕು.

ಬೆಳಿಗ್ಗೆ ಬೇಗ ಏಳುವ ಅಭ್ಯಾಸ ಇದೆಯೇ? ಹೌದು.

ಭಾರದ ವಸ್ತುಗಳನ್ನು ಎತ್ತಬಲ್ಲಿರಾ? ಹೌದು. ಈಗತಾನೇ ಎತ್ತಿ ಬಂದಿದ್ದೇನೆ.

ಬಹಳ ಹೊತ್ತು ನಿಂತು ಕೆಲಸ ಮಾಡಬಲ್ಲಿರಾ? ಹೌದು.

ಕೆಟ್ಟ ವಾಸನೆ, ಕೊಳೆ ಇರುವಲ್ಲಿ ಕೆಲಸ ಮಾಡಿದ ಅನುಭವ ಇದೆಯೇ? ಹೌದು.

ಹೇಳಿದ ಕೆಲಸವನ್ನು ಎದುರಾಡದೆ ಮಾಡುತ್ತೀರಾ? ಇದಕ್ಕೆ ಸ್ವಲ್ಪ ಹೊತ್ತು ಯೋಚಿಸಿದೆ. ಆಮೇಲೆ ಹೌದು ಎಂದು ಗುರುತು ಹಾಕಿದೆ. ಅವತ್ತಿನವರೆಗೆ ಅದು ನಿಜವೇ ಆಗಿತ್ತು.

ಯಂತ್ರದ ಪ್ರಶ್ನೆ ಬರುತ್ತದೆ ಎಂದು ಕಾದೆ. ಬರಲಿಲ್ಲ. ಹಾಳೆ ಮುಗಿಯಿತು. ನಾವು ನಾಲ್ವರೂ ಅರ್ಧ ಗಂಟೆಗೇ ಮುಗಿಸಿ ಕೂತೆವು. ಮುಂದಿನವರು ಹಾಳೆ ತಿರುಗಿಸಿ ಬರೆಯುತ್ತಿದ್ದುದು ಕಂಡಿತು. ಅವರು ವಿವರವಾಗಿ ಬರೆಯುತ್ತಿದ್ದಾರೆ, ನಮ್ಮ ಹಾಗೆ ಗೀಚಿ ಮುಗಿಸಿಲ್ಲ ಎಂದುಕೊಂಡೆ. ಹಾಳೆಗೆ ಹಿಂಬದಿ ಇರಬಹುದು ಎಂಬ ಅನುಮಾನವೇ ನಮಗೆ ಬರಲಿಲ್ಲ. ಕೊಟ್ಟಿದ್ದೇ ಇಷ್ಟು ಎಂದು ಸುಮ್ಮನಿರುವುದು ನಮಗೆ ಅಷ್ಟು ಚೆನ್ನಾಗಿ ಅಭ್ಯಾಸವಾಗಿತ್ತು. ಕಾವಲಿಗಿದ್ದ ಮೇಷ್ಟರು ನಮ್ಮ ಹತ್ತಿರ ಬಂದು, "ಆಗ್ಲೇ ಮುಗೀತಾ? ಓದಿದ್ರೋ ಇಲ್ಲ ಹಾಗೇ ಗೀಚಿದ್ರೋ?" ಎಂದು ನಕ್ಕು, ಕುಡಿಯುವ ನೀರಿನ ಕ್ಯಾನು ತರಲು ಕಳಿಸಿದರು.

ಹದಿನೈದು ದಿನಕ್ಕೆ ಫಲಿತಾಂಶ ಬಂತು. ದಪ್ಪ ಕಾಗದ, ಅಂಚಿಗೆ ಬಣ್ಣದ ಗೆರೆ, ಕೆಳಗೆ ಠಸ್ಸೆ. ನನ್ನದರಲ್ಲಿ ಹೀಗಿತ್ತು. ದೈಹಿಕ ಸಾಮರ್ಥ್ಯ: ಅತ್ಯುತ್ತಮ. ವಿಧೇಯತೆ: ಅತ್ಯುತ್ತಮ. ಆಸಕ್ತಿ: ಯಾವುದೂ ಕಂಡುಬಂದಿಲ್ಲ. ಸೂಕ್ತ ಕ್ಷೇತ್ರ: ಶುಚಿತ್ವ ಸಹಾಯ ಸೇವೆ.

ಅವಳಿಗಳಿಬ್ಬರದ್ದೂ ಅದೇ. ಪುಟ್ಟಿಯದ್ದೂ ಅದೇ. ಅದೇ ಮಾತು, ಅದೇ ಅಕ್ಷರ, ಒಂದು ಚುಕ್ಕೆ ವ್ಯತ್ಯಾಸವಿಲ್ಲ. ನಾಲ್ವರಿಗೂ ಆಸ್ಪತ್ರೆಯಲ್ಲಿ ಆರು ತಿಂಗಳ ಶುಚಿತ್ವ ತರಬೇತಿ ಎಂದು ಆಗಲೇ ಹೆಸರು ಬರೆಸಿಯಾಗಿತ್ತು. ವರ್ಷಗಟ್ಟಲೆ ಬೆಳಿಗ್ಗೆ ಐದಕ್ಕೆ ಮಾಡಿದ ಕೆಲಸವನ್ನು ಇನ್ನು ಮೇಲೆ ಅವರು ನನಗೆ ಕಲಿಸುತ್ತಾರಂತೆ.

ಬೂಟಿನ ಅಂಗಡಿಯವರ ಮಗ ತನ್ನ ಕಾಗದ ಹಿಡಿದು ಕುಣಿಯುತ್ತಿದ್ದ. ಅವನಿಗೆ ಹನ್ನೊಂದು ಆಸಕ್ತಿಗಳು ಬಂದಿದ್ದವು. ವೈದ್ಯಕೀಯ, ಸಂಗೀತ, ವಿಮಾನ, ಯಂತ್ರ, ಕಾನೂನು, ಇನ್ನೂ ಏನೇನೋ. ಬಹುಮುಖ ಪ್ರತಿಭೆ ಎಂದು ಮಾರ್ಗದರ್ಶಕಿ ಕೆಂಪು ಶಾಯಿಯಲ್ಲಿ ಬರೆದಿದ್ದರು. ತಾಂತ್ರಿಕ ಶಾಲೆಯ ಶಿಫಾರಸು ಪತ್ರ ಅವನಿಗೇ ಅಂತ ಆಗಿತ್ತು.

"ಇಷ್ಟೆಲ್ಲಾ ಹೆಂಗೋ ಬಂತು ನಿನಗೆ?" ಎಂದು ಕೇಳಿದೆ.

"ಮುಂದಿನ ಅರವತ್ತು ಓದಿ ತಲೆ ಕೆಟ್ಟೋಯ್ತು. ಹಿಂದಿನ ಅರವತ್ತಕ್ಕೆ ಕಣ್ಣು ಮುಚ್ಕೊಂಡು ಹೌದು ಹೌದು ಅಂತ ಹಾಕ್ಕೊಂಡು ಹೋದೆ" ಅಂದ.

"ಹಿಂದಿನ ಅರವತ್ತಾ?"

ಶಿಫಾರಸು ಪತ್ರ ಸಿಗುವವರಿಗೆ ಅವರ ಪ್ರಶ್ನೆಪತ್ರಿಕೆ ವಾಪಸ್ ಕೊಟ್ಟಿದ್ದರು. ಅವನು ಚೀಲದಿಂದ ತನ್ನದನ್ನು ತೆಗೆದು ತಿರುಗಿಸಿ ತೋರಿಸಿದ. ಅರವತ್ತೊಂದರಿಂದ ನೂರಿಪ್ಪತ್ತರವರೆಗೆ. ಮೇಲೆ ಮನಸ್ಸು ಮತ್ತು ಆಸಕ್ತಿ ಎಂಬ ತಲೆಬರಹ. ನಾನು ನಿಂತಲ್ಲೇ ಓದಿದೆ. ಎಂಬತ್ತೆಂಟನೆಯದು ಹೀಗಿತ್ತು: ಮುಚ್ಚಿದ ಯಂತ್ರವನ್ನು ಕಂಡರೆ ಬಿಚ್ಚಿ ಒಳಗೇನಿದೆ ಎಂದು ನೋಡಬೇಕು ಅನ್ನಿಸುತ್ತದೆಯೇ? ನನ್ನ ಕಣ್ಣಿಗೆ ನೀರು ಬಂತು. ಕೋಪಕ್ಕೋ ದುಃಖಕ್ಕೋ ಹೇಳಲಾರೆ, ಎರಡೂ ಇದ್ದವು.

ಮೊದಲು ಗುಮಾಸ್ತರ ಹತ್ತಿರ ಹೋದೆ. ಅವರು ಕನ್ನಡಕ ಏರಿಸಿ ನನ್ನನ್ನು ನೋಡಿದರು.

"ಹೌದು, ಒಂದೇ ಕಡೆ ಹೊಡ್ದೆ. ಎರಡೂ ಕಡೆ ಹೊಡೆಯಕ್ಕೆ ಹೋದ್ರೆ ಹಾಳೆ ಸಿಕ್ಕಾಕೊಳ್ಳುತ್ತೆ ಆ ಮಷೀನಲ್ಲಿ."

"ಅದರ ಒಳಗಿನ ರಬ್ಬರ್ ಉರುಳೆ ಸವೆದಿರಬೇಕು ಸರ್. ಅದನ್ನ ಬದಲಾಯಿಸಿದ್ರೆ ಸರಿಹೋಗುತ್ತೆ."

"ಮುಟ್ಟಬೇಡ. ಸಾವಿರಾರು ರೂಪಾಯಿ ಮಷೀನು."

"ನಮ್ಮ ಫಲಿತಾಂಶ ತಪ್ಪಾಗಿದೆ ಸರ್."

"ನಾಲ್ಕೇ ಜನ ತಾನೇ" ಅಂದರು ಗುಮಾಸ್ತರು. ಸಮಾಧಾನ ಮಾಡುವವರ ಹಾಗೆ ಅಂದರು. ನನಗೆ ನಿಜವಾಗಿಯೂ ಸಮಾಧಾನ ಆಗಬೇಕು ಎಂಬ ಇಚ್ಛೆ ಅವರ ಮುಖದಲ್ಲಿತ್ತು.

ಹೆಡ್‌ಮಾಸ್ಟರ ಕೋಣೆಯಲ್ಲಿ ಮಾರ್ಗದರ್ಶಕಿಯೂ ಇದ್ದರು. ಚಹಾ ಕುಡಿಯುತ್ತಿದ್ದರು. ನಾನು ಬಾಗಿಲಲ್ಲಿ ನಿಂತು ಹೇಳಿದೆ. ಮಾರ್ಗದರ್ಶಕಿ ನಮ್ಮ ನಾಲ್ವರ ಹಾಳೆಗಳನ್ನು ಕಟ್ಟಿನಿಂದ ಎಳೆದು ತಿರುಗಿಸಿ ನೋಡಿದರು. ಹಿಂದೆ ಬರೀ ಬಿಳಿ. ಅವರ ಮುಖ ಚಿಕ್ಕದಾಯಿತು.

"ಸರ್, ಇದು ಸರಿಯಾಗಿಲ್ಲ. ಖಾಲಿ ಬಿಟ್ಟಿದ್ದಕ್ಕೆಲ್ಲ ಸೊನ್ನೆ ಹಾಕಿಬಿಟ್ಟಿದೀನಿ."

ಹೆಡ್‌ಮಾಸ್ಟರು ಲೋಟ ಕೆಳಗಿಟ್ಟರು. "ನೀವೇ ಹೇಳಿ ಮೇಡಂ. ಈ ಫಲಿತಾಂಶ ಬಂದಾಗ ನಿಮಗೆ ಅನುಮಾನ ಬಂತಾ?"

"ಇಲ್ಲ."

"ನನಗೂ ಬರಲಿಲ್ಲ. ಯಾರಿಗೂ ಬರಲಿಲ್ಲ. ಅಂದ್ಮೇಲೆ ತಪ್ಪು ಎಲ್ಲಾಯ್ತು?"

ಮಾರ್ಗದರ್ಶಕಿ ಹಾಳೆಗಳನ್ನು ಮತ್ತೆ ಕಟ್ಟಿಗೆ ಸೇರಿಸಿದರು. ಆಮೇಲೆ, "ಅದೂ ಒಂದು ಲೆಕ್ಕದಲ್ಲಿ ನಿಜ. ಇಪ್ಪತ್ತೆರಡು ದೇಶಗಳಲ್ಲಿ ನಡೆದಿರೋ ಪರೀಕ್ಷೆ ಇದು. ಇಂಥ ಹಿನ್ನೆಲೆಯ ಮಕ್ಕಳಿಗೆ ಬೇರೆ ಶಾಲೆಗಳಲ್ಲೂ ಹೆಚ್ಚುಕಡಿಮೆ ಹೀಗೇ ಬರುತ್ತೆ" ಎಂದರು.

"ಆ ಶಾಲೆಗಳಲ್ಲೂ ಒಂದೇ ಬದಿ ಕೊಡ್ತಾರಾ ಮೇಡಂ?" ಎಂದು ಕೇಳಿದೆ.

ನಾನು ವ್ಯಂಗ್ಯ ಮಾಡಲಿಲ್ಲ. ತಿಳಿದುಕೊಳ್ಳಲೆಂದೇ ಕೇಳಿದೆ. ಹೆಡ್‌ಮಾಸ್ಟರ ಹುಬ್ಬು ಗಂಟಿಕ್ಕಿತು.

"ನೋಡು, ಪಟ್ಟಿ ಆಸ್ಪತ್ರೆಗೆ ಹೋಗಿ ಆಯ್ತು. ಶನಿವಾರ ಸಮಾರಂಭ ಇದೆ, ಎಲ್ಲಾ ಮಕ್ಕಳ ಜೊತೆ ನೀನೂ ವೇದಿಕೆ ಹತ್ತು, ಹೇಳಿಕೊಟ್ಟಷ್ಟು ಮಾತಾಡು, ಇಳಿ. ಆರು ತಿಂಗಳು ತರಬೇತಿ ಮುಗಿಸು. ಒಳ್ಳೆ ನಡತೆ ಇದ್ರೆ ಮುಂದಿನ ವರ್ಷ ಪತ್ರದ ವಿಚಾರ ನೋಡೋಣ."

"ಈಗ ಆ ಅರವತ್ತು ಕೇಳ್ಬಿಡಿ ಸರ್. ಹತ್ತು ನಿಮಿಷ ಸಾಕು."

"ಕೇಳಿದ್ರೆ ಏನಂತ ಹೇಳ್ತೀಯಾ ನೀನು?" ಎಂದು ನಕ್ಕರು. ಉತ್ತರಕ್ಕೆ ಕಾಯಲಿಲ್ಲ. ಹೊರಗೆ ಹೋಗು ಎಂದು ಕೈ ಬೀಸಿದರು.

ಮನೆಗೆ ಬಂದು ಅಮ್ಮನಿಗೆ ಹೇಳಿದೆ. ಅಮ್ಮ ಬೋಗುಣಿಯಲ್ಲಿ ಉಗುರುಬೆಚ್ಚಗಿನ ನೀರಿಟ್ಟುಕೊಂಡು ಕೈ ನೆನೆಹಾಕಿ ಕೂತಿದ್ದಳು. ಬ್ಲೀಚಿಂಗ್ ಪುಡಿಗೆ ಅವಳ ಬೆರಳ ಸಂದಿಗಳು ಬಿರಿದಿದ್ದವು. ದಿನಾ ಅಷ್ಟು ಹೊತ್ತು ನೆನೆಸದಿದ್ದರೆ ಅವಳಿಗೆ ಊಟ ಕಲಸಲು ಬೆರಳು ಮಡಚಲು ಬರುತ್ತಿರಲಿಲ್ಲ.

"ಸುಮ್ನೆ ಹೇಳ್ದಂಗೆ ಕೇಳು. ಅವರನ್ನ ಎದುರು ಹಾಕ್ಕೊಂಡ್ರೆ ಪತ್ರಾನೂ ಇಲ್ಲ, ಕೆಲಸಾನೂ ಇಲ್ಲ. ಆರು ತಿಂಗಳು ತಾನೇ, ಕಣ್ಣು ಮುಚ್ಚಿ ಬಿಡೋದ್ರೊಳಗೆ ಹೋಗುತ್ತೆ. ನನಗೆ ಇಪ್ಪತ್ತೆರಡು ವರ್ಷ ಹೋಗ್ಲಿಲ್ವಾ?" ಅಂದಳು.

ನನಗೆ ಸಿಟ್ಟು ನೆತ್ತಿಗೇರಿತು. ಹೆಡ್‌ಮಾಸ್ಟರ ಮೇಲೆ ತೋರಿಸಲಾಗದ ಸಿಟ್ಟನ್ನು ಮನೆಗೆ ಹೊತ್ತು ತಂದಿದ್ದೆ. "ನಿನಗೆ ಬೇರೆ ಏನೂ ಬೇಕಿರ್ಲಿಲ್ಲ, ಅದಕ್ಕೇ ಹೋಯ್ತು. ನನಗೆ ಬೇಕು" ಅಂದೆ.

ಅಮ್ಮ ಕೈಯನ್ನು ನೀರಿನಿಂದ ತೆಗೆದಳು. ಕೈ ಒರೆಸಿಕೊಂಡು ನೀರು ಚೆಲ್ಲಲು ಎದ್ದು ಹೋದಳು.

ಈಗಲೇ ಹೇಳಿಬಿಡುತ್ತೇನೆ. ಆ ಪತ್ರ ನನಗೆ ಸಿಗಲಿಲ್ಲ. ಕೊನೆಗೆ ಯಾರದೋ ಮನಸ್ಸು ಕರಗಿ ಸಿಕ್ಕಿರಬಹುದು ಎಂದು ಕಾಯಬೇಡಿ. ಅಂಥ ಮನಸ್ಸುಗಳು ಮಾರ್ಗದರ್ಶಕಿಯ ಚಿತ್ರಗಳಲ್ಲಿದ್ದವು, ನಮ್ಮ ಶಾಲೆಯಲ್ಲಿರಲಿಲ್ಲ.

ಶನಿವಾರದ ಸಮಾರಂಭಕ್ಕೆ ಮೂರು ದಿನ ಮೊದಲಿನಿಂದಲೇ ತಾಲೀಮು. ಪ್ರತಿಯೊಬ್ಬರೂ ತಮ್ಮ ಕ್ಷೇತ್ರದ ವೇಷ ಹಾಕಿಕೊಂಡು ವೇದಿಕೆಗೆ ಬರಬೇಕು. ನನ್ನ ಆಸಕ್ತಿ ಇಂಥದ್ದು ಎಂದು ಮೈಕಿನಲ್ಲಿ ಹೇಳಬೇಕು. ಡಾಕ್ಟರಾಗುವವರಿಗೆ ಬಿಳಿ ಕೋಟು, ಲಾಯರಾಗುವವರಿಗೆ ಕರಿ ಕೋಟು. ಬೂಟಿನ ಅಂಗಡಿಯವರ ಮಗನಿಗೆ ಹಳದಿ ಹೆಲ್ಮೆಟ್ಟು, ಕೈಯಲ್ಲಿ ಒಂದು ಸ್ಪ್ಯಾನರ್. ಅದನ್ನು ತಲೆಕೆಳಗಾಗಿ ಹಿಡಿದಿದ್ದ. ನಮಗೆ ನೀಲಿ ಏಪ್ರನ್, ರಬ್ಬರ್ ಕೈಗವಸು, ನೆಲ ಒರೆಸುವ ಕೋಲು. ಸಂಗೀತ ಹಾಕುತ್ತಾರೆ. ನಾವು ನಾಲ್ವರು ವೇದಿಕೆಯ ಆ ತುದಿಯಿಂದ ಈ ತುದಿಗೆ ಒರೆಸುತ್ತಾ ಬಂದು, ನಡುವೆ ನಿಂತು, "ಶುಚಿತ್ವವೇ ನಮ್ಮ ಆಸಕ್ತಿ" ಎಂದು ಒಟ್ಟಿಗೆ ಹೇಳಬೇಕು.

ಅವತ್ತು ಬೆಳಿಗ್ಗೆ ಸಭಾಂಗಣ ಗುಡಿಸಿ ಒರೆಸಿದವರೂ ನಾವೇ. ವೇದಿಕೆ ಕನ್ನಡಿಯಂತೆ ಹೊಳೆಯುತ್ತಿತ್ತು. ಇಷ್ಟು ಶುಚಿಯಾಗಿದ್ದರೆ ಒರೆಸಿದ್ದು ಜನರಿಗೆ ಕಾಣುವುದಿಲ್ಲವಲ್ಲ ಎಂದು ಹೆಡ್‌ಮಾಸ್ಟರಿಗೆ ಚಿಂತೆಯಾಯಿತು. ಗುಮಾಸ್ತರನ್ನು ಕರೆದು, ನಮ್ಮ ಸರದಿ ಬಂದಾಗ ವೇದಿಕೆಗೆ ಸೀಮೆಸುಣ್ಣದ ಪುಡಿ ಎರಚಲು ಹೇಳಿದರು.

ಸಭೆ ತುಂಬಿತ್ತು. ಮುಂದಿನ ಸಾಲಿನಲ್ಲಿ ಆಸ್ಪತ್ರೆಯ ಮುಖ್ಯಾಧಿಕಾರಿ, ಮುಖ್ಯ ಅತಿಥಿ. ಅಮ್ಮ ಕೆಲಸ ಮುಗಿಸಿ, ಇಸ್ತ್ರಿ ಮಾಡಿಟ್ಟಿದ್ದ ಬಟ್ಟೆ ಉಟ್ಟು ಬಂದು ಹಿಂದಿನಿಂದ ಮೂರನೆಯ ಸಾಲಿನಲ್ಲಿ ಕೂತಳು. ಎಷ್ಟು ಉಜ್ಜಿ ತೊಳೆದರೂ ಅವಳ ಕೈಯಿಂದ ಆ ವಾಸನೆ ಹೋಗುವುದಿಲ್ಲ. ಅವಳ ಎರಡೂ ಪಕ್ಕದ ಕುರ್ಚಿಗಳಿಂದ ಜನ ಎದ್ದು ಬೇರೆ ಕಡೆ ಹೋಗಿ ಕೂತದ್ದನ್ನು ನಾನು ಪರದೆಯ ಸಂದಿಯಿಂದ ನೋಡಿದೆ. ಅಮ್ಮ ಏನೂ ಆಗಿಲ್ಲ ಅನ್ನುವಂತೆ ವೇದಿಕೆ ನೋಡುತ್ತಿದ್ದಳು.

ಡಾಕ್ಟರುಗಳು ಬಂದರು. ಲಾಯರುಗಳು ಬಂದರು. ಚಪ್ಪಾಳೆಯೋ ಚಪ್ಪಾಳೆ. ಬೂಟಿನ ಅಂಗಡಿಯವರ ಮಗ, "ಯಂತ್ರವೇ ನನ್ನ ಉಸಿರು" ಎಂದು ಹೇಳಿ ಪತ್ರ ಇಸಿದುಕೊಂಡ. ಅವನ ಅಪ್ಪ ಎದ್ದು ನಿಂತು ಫೋಟೋ ತೆಗೆದ. ಆಮೇಲೆ ಗುಮಾಸ್ತರು ಬಂದು ಬೀಜ ಬಿತ್ತುವವರ ಹಾಗೆ ಸೀಮೆಸುಣ್ಣದ ಪುಡಿ ಎರಚಿ ಹೋದರು. ಸಂಗೀತ ಶುರುವಾಯಿತು.

ಅವಳಿಗಳು ನನ್ನ ಮುಖ ನೋಡಿದರು. ಪುಟ್ಟಿ ನೋಡಿದಳು. ನಾನು ಕೈಗವಸು ಬಿಚ್ಚಿದೆ. ಏಪ್ರನ್ ಬಿಚ್ಚಿ ಮಡಚಿದೆ. ಮಡಚುವುದು ಕೈಗೆ ಅಭ್ಯಾಸ. ಕೋಲನ್ನು ಪರದೆಗೆ ಒರಗಿಸಿ ವೇದಿಕೆಗೆ ನಡೆದೆ. ಹಿಂದೆ ಮೂರು ಕೋಲು ನೆಲಕ್ಕೆ ಬಿದ್ದ ಸದ್ದು ಕೇಳಿಸಿತು. ನಾಲ್ವರೂ ಪುಡಿಯ ಮೇಲೆ ಹೆಜ್ಜೆಯ ಗುರುತು ಮೂಡಿಸುತ್ತಾ ಬಂದು ಮೈಕಿನ ಮುಂದೆ ನಿಂತೆವು. ಬೀಳದಂತೆ ಮೈಕಿನ ಕಂಬವನ್ನು ಗಟ್ಟಿಯಾಗಿ ಹಿಡಿದುಕೊಂಡೆ. ಧೈರ್ಯವಂತೆ ಎಂದು ಯಾರೂ ತಿಳಿಯುವುದು ಬೇಡ.

"ನಮಗೆ ಆಸಕ್ತಿ ಇಲ್ಲ ಅಂತ ಬಂದಿದೆ. ನಮ್ಮನ್ನ ಕೇಳಲೇ ಇಲ್ಲ. ಎಲ್ಲರಿಗೂ ನೂರಿಪ್ಪತ್ತು ಪ್ರಶ್ನೆ ಕೊಟ್ರು, ನಮಗೆ ಅರವತ್ತು ಕೊಟ್ರು. ಮೇಡಂ, ಬಾಕಿ ಅರವತ್ತು ಇಲ್ಲೇ ಕೇಳಿ" ಅಂದೆ. ಬೂಟಿನ ಅಂಗಡಿಯವರ ಮಗನಿಂದ ಇಸಿದುಕೊಂಡಿದ್ದ ಹಾಳೆಯನ್ನು ಜೇಬಿನಿಂದ ತೆಗೆದು, ವೇದಿಕೆಯ ಮೇಲೆ ಕೂತಿದ್ದ ಮಾರ್ಗದರ್ಶಕಿಯ ಮುಂದೆ ಹಿಡಿದೆ.

ಸಂಗೀತ ನಿಂತಿತು. ಹೆಡ್‌ಮಾಸ್ಟರು ಹಲ್ಲು ಕಿರಿಯುತ್ತಲೇ ನನ್ನ ಹತ್ತಿರ ಬಂದು ಮೆಲ್ಲಗೆ ಹೇಳಿದರು. "ಈಗ ಒರೆಸಿ ಕೆಳಗಿಳಿದ್ರೆ ಮುಂದಿನ ವರ್ಷ ಪತ್ರ. ಇಳೀದಿದ್ರೆ ನಾನಿರೋವರೆಗೂ ಈ ಶಾಲೆಯಿಂದ ನಿನಗೆ ಪತ್ರ ಇಲ್ಲ."

ಮೆಲ್ಲಗೆ ಹೇಳಿದ್ದರು. ಮೈಕಿಗೆ ಮೆಲ್ಲಗೆ ಎಂಬುದು ಗೊತ್ತಿಲ್ಲ. ಇಡೀ ಸಭೆಗೆ ಕೇಳಿಸಿತು. ನನ್ನ ಉತ್ತರಕ್ಕೆ ಇಡೀ ಸಭೆ ಕಾಯಿತು.

ಪತ್ರ ಬೇಕಿತ್ತು ನನಗೆ. ಆ ಹೊತ್ತಿನಲ್ಲಿ ಅದಕ್ಕಿಂತ ಹೆಚ್ಚು ಬೇಕಾದದ್ದು ಲೋಕದಲ್ಲಿ ಏನೂ ಇರಲಿಲ್ಲ. ಇಳಿದುಬಿಡೋಣ ಎಂದು ಒಂದು ಕ್ಷಣ ಅನ್ನಿಸಿತು. ಆದರೆ ಇಳಿಯಬೇಕಾದರೆ ಮೊದಲು ಆ ಪುಡಿ ಒರೆಸಬೇಕಿತ್ತು.

"ಇಳಿಯಲ್ಲ ಸರ್" ಅಂದೆ.

ಮೈಕು ನಿಲ್ಲಿಸಿದರು.

"ಪರವಾಗಿಲ್ಲ ಸರ್. ಮೂರು ಮಷೀನಿನ ಸದ್ದಲ್ಲಿ ಮಾತಾಡಿ ಅಭ್ಯಾಸ ನಮಗೆ" ಎಂದು ಗಟ್ಟಿಯಾಗಿ ಹೇಳಿದೆ. ಹಿಂದೆ ಯಾರೋ ನಕ್ಕರು. "ಕೇಳಿ ಮೇಡಂ."

ಮಾರ್ಗದರ್ಶಕಿ ಹಾಳೆ ನೋಡಿದರು, ಹೆಡ್‌ಮಾಸ್ಟರನ್ನು ನೋಡಿದರು, ಮತ್ತೆ ಹಾಳೆ ನೋಡಿದರು. ಅವರ ಕುತ್ತಿಗೆ ಕೆಂಪಾಗಿತ್ತು. ಕೊನೆಗೆ ಕನ್ನಡಕ ಹಾಕಿಕೊಂಡು ಓದಿದರು. "ಅರವತ್ತೊಂದು. ಪಾಠದ ಪುಸ್ತಕವಲ್ಲದೆ ಬೇರೆ ಪುಸ್ತಕ ಓದಲು ಇಷ್ಟಪಡುತ್ತೀರಾ?"

"ಹೌದು" ಅಂದಳು ಪುಟ್ಟಿ. "ಕಸದಲ್ಲಿ ಸಿಕ್ಕಿದ್ದೆಲ್ಲ ಓದಿದೀನಿ. ಎಷ್ಟೋ ಪುಸ್ತಕಕ್ಕೆ ಕೊನೆ ಹಾಳೆ ಇರಲ್ಲ. ಅದನ್ನ ನಾನೇ ಹೇಳ್ಕೋತೀನಿ."

ಅರವತ್ತೆರಡು, ಅರವತ್ತಮೂರು. ಮುಖ್ಯ ಅತಿಥಿ ಗಡಿಯಾರ ನೋಡಿಕೊಂಡು ಎದ್ದು ಹೋದರು. ಅವರ ಹಿಂದೆ ಮುಂದಿನ ಎರಡು ಸಾಲು ಎದ್ದು ಹೋಯಿತು. ಎಪ್ಪತ್ತಾರು, ಅಂಕಿಗಳ ಒಗಟು ಬಿಡಿಸುವುದು ಇಷ್ಟವೇ? ಅವಳಿಗಳಲ್ಲಿ ಒಬ್ಬ ಹೌದು ಅಂದ, ಇನ್ನೊಬ್ಬ ಇಲ್ಲ ಅಂದ. ಅವರಿಬ್ಬರೂ ಬೇರೆ ಬೇರೆ ಎಂದು ನಮ್ಮ ಶಾಲೆಗೆ ಗೊತ್ತಾದದ್ದು ಅವತ್ತೇ. ಎಂಬತ್ತೆಂಟಕ್ಕೆ ನಾನು ಹೌದು ಅಂದೆ. ಅಷ್ಟು ಹೇಳಿದರೆ ಸಾಕಿತ್ತು. ಬೇರಿಂಗಿನ ಕತೆಯನ್ನೂ ಹೇಳಿದೆ. ಹೆಲ್ಮೆಟ್ಟು ಹಾಕಿಕೊಂಡೇ ಕೂತಿದ್ದ ಬೂಟಿನ ಅಂಗಡಿಯವರ ಮಗ ಬಾಯಿ ಬಿಟ್ಟು ಕೇಳಿದ.

ಮಾರ್ಗದರ್ಶಕಿಯ ದನಿ ಬರಬರುತ್ತಾ ಸಣ್ಣದಾಗುತ್ತಿತ್ತು. ಆದರೂ ಓದಿದರು. "ನೂರಾ ಮೂರು. ದೊಡ್ಡ ವಾಹನ ಓಡಿಸಬೇಕು ಎಂದು ನಿಮಗೆ ಎಂದಾದರೂ ಅನ್ನಿಸಿದೆಯೇ?"

ಪುಟ್ಟಿ ಇಲ್ಲ ಅಂದಳು. ಅವಳಿಗಳು ಇಲ್ಲ ಅಂದರು. ನಾನು ಇಲ್ಲ ಅನ್ನಲು ಬಾಯಿ ತೆರೆದೆ.

"ಹೌದು" ಎಂದು ಸಭೆಯಿಂದ ಕೇಳಿಸಿತು.

ಅಮ್ಮ ಎದ್ದು ನಿಂತಿದ್ದಳು. ಎರಡೂ ಪಕ್ಕ ಖಾಲಿ ಕುರ್ಚಿ, ನಡುವೆ ಅವಳು.

"ಬಸ್ಸು" ಅಂದಳು. "ಉದ್ದದ್ದು. ಹದಿನಾರು ವರ್ಷದವಳು ಇದ್ದಾಗಿಂದ ಅನ್ನಿಸಿದೆ. ಈಗಲೂ ಬಸ್ಸು ತಿರುವಲ್ಲಿ ತಿರುಗೋವಾಗ ನನ್ನ ಕೈ ತಾನಾಗೇ ತಿರುಗುತ್ತೆ."

ಯಾರೋ ಕಿಸಕ್ಕೆಂದು ನಕ್ಕರು. ನನಗೂ ನಗು ಬಂತು. ಆಮೇಲೆ ಅವಳ ಕೈ ನೋಡಿದೆ. ಹದಿನೇಳು ವರ್ಷ ಒಂದೇ ಚಾಪೆಯ ಮೇಲೆ ಅವಳ ಪಕ್ಕ ಮಲಗಿದ್ದೇನೆ. ನನ್ನನ್ನು ಯಾರೂ ಕೇಳಲಿಲ್ಲ ಎಂದು ಊರಿಗೆಲ್ಲ ಕೇಳುವಂತೆ ಕೂಗುತ್ತಿದ್ದ ನಾನು ಅವಳನ್ನು ಒಂದು ದಿನ ಕೇಳಿರಲಿಲ್ಲ. ಬೇರೆ ಏನೂ ಬೇಕಿರಲಿಲ್ಲ ಎಂದು ನಾನೇ ಬರೆದುಕೊಟ್ಟಿದ್ದೆ. ಠಸ್ಸೆಯೊಂದು ಒತ್ತಿರಲಿಲ್ಲ, ಅಷ್ಟೇ.

"ಅಮ್ಮಾ, ಇದು ಮಕ್ಕಳಿಗೆ" ಅಂದರು ಮಾರ್ಗದರ್ಶಕಿ.

"ಗೊತ್ತು ಮೇಡಂ. ನಾನು ಮಗುವಾಗಿದ್ದಾಗ ನೀವು ಬರಲಿಲ್ಲ."

"ಸಾಕು, ಸಾಕು, ಎಲ್ಲಾ ನಿಲ್ಲಿಸಿ" ಎಂದು ಹೆಡ್‌ಮಾಸ್ಟರು ಹಾಳೆಗೆ ಕೈ ಹಾಕಿದರು.

ಅಮ್ಮ ಕೂರಲಿಲ್ಲ. ಇಪ್ಪತ್ತೆರಡು ವರ್ಷ ಮೇಸ್ತ್ರಿಯ ಮುಂದೆ ಬಗ್ಗಿಸಿದ್ದ ತಲೆಯನ್ನು ಎತ್ತಿಕೊಂಡೇ ನಿಂತಿದ್ದಳು.

"ಇನ್ನೂ ಹದಿನೇಳಿದೆ ಸರ್" ಅಂದಳು. "ಮುಂದಿನದು ಕೇಳಿ ಮೇಡಂ."